ಅಡುಗೆಯವಳಿಗೆ ಸಿಕ್ಕ ಕಡಲು

ಸಮುದ್ರ ನೋಡಿದ್ದೀಯಾ ಎಂದು ಮುನಿನಾರಾಯಣಮ್ಮನನ್ನು ಯಾರೂ ಕೇಳಬಾರದು. ಕೇಳಿದವರು ಬದುಕಿ ಉಳಿದಿದ್ದಾರೆ, ನಿಜ. ಆದರೆ ಎರಡನೆಯ ಸಲ ಯಾರೂ ಕೇಳಿಲ್ಲ. ಅವಳು ಸಿಂಗಾಪುರದವಳು. ವಿಮಾನ ಹತ್ತಿ ಹೋಗುವ ಸಿಂಗಾಪುರವಲ್ಲ, ವಿದ್ಯಾರಣ್ಯಪುರದಲ್ಲಿ ಬಸ್ಸಿಳಿದು ನಡೆದು ಹೋಗುವ ಸಿಂಗಾಪುರ. ವಯಸ್ಸು ಐವತ್ತಾರು. ಹತ್ತೊಂಬತ್ತು ವರ್ಷದಿಂದ ಪ್ರವಾಸದ ಬಸ್ಸಿನಲ್ಲಿ ಅಡುಗೆ ಮಾಡುತ್ತಿದ್ದಾಳೆ. ಕನ್ಯಾಕುಮಾರಿಗೆ ಒಂಬತ್ತು ಸಲ, ರಾಮೇಶ್ವರಕ್ಕೆ ಹನ್ನೊಂದು ಸಲ, ಮುರುಡೇಶ್ವರ ಗೋಕರ್ಣಗಳಿಗೆ ಅವಳೇ ಮರೆತಷ್ಟು ಸಲ ಹೋಗಿ ಬಂದಿದ್ದಾಳೆ. ಇಷ್ಟು ಸಲ ಹೋದವಳು ಒಂದೇ ಒಂದು ಬೆಳಗ್ಗೆಯೂ ಕಡಲ ಮುಂದೆ ಸುಮ್ಮನೆ ಕೂತಿರಲಿಲ್ಲ.

ಅದಕ್ಕೆ ಕಾರಣ ಕಾಫಿ. ಬೆಂಗಳೂರಿನ ಯಾತ್ರಿಕರಿಗೆ ದೇವರು ಯಾವ ಊರಿನವನಾದರೂ ನಡೆಯುತ್ತದೆ, ಸಾರು ಮಾತ್ರ ಮನೆಯದೇ ಆಗಬೇಕು. ಅದಕ್ಕಾಗಿ ಪ್ರವಾಸ ನಡೆಸುವವರು ಬಸ್ಸಿನ ಡಿಕ್ಕಿಯೊಳಗೆ ಗ್ಯಾಸ್ ಸಿಲಿಂಡರು, ಎರಡು ದೊಡ್ಡ ಒಲೆ, ಇಡ್ಲಿ ಪಾತ್ರೆ, ಸಾಮಾನಿನ ಟ್ರಂಕು ಎಲ್ಲವನ್ನೂ ತುಂಬುತ್ತಾರೆ. ಕೊನೆಗೆ ಅಡುಗೆಯವಳನ್ನೂ ಹಿಂದಿನ ಸೀಟಿಗೆ ತುಂಬುತ್ತಾರೆ. ತಂಗುವ ಛತ್ರದ ಹಿತ್ತಲಿನಲ್ಲಿ ಬೆಳಗಿನ ಜಾವ ಮೂರೂವರೆಗೆ ಒಲೆ ಹೊತ್ತಬೇಕು. ಐದಕ್ಕೆ ಕಾಫಿ, ಏಳಕ್ಕೆ ತಿಂಡಿ, ಎಂಟಕ್ಕೆ ಪಾತ್ರೆ ತೊಳೆದು ಮತ್ತೆ ಬಸ್ಸಿಗೆ. ನಡುವೆ ಯಾತ್ರಿಕರು ಸಮುದ್ರಸ್ನಾನ ಮಾಡಿ, ಮರಳು ಮೆತ್ತಿದ ಕಾಲಿನಲ್ಲಿ ಬಂದು, ಇಡ್ಲಿ ಆರಿದೆ ಎನ್ನುತ್ತಾರೆ.

ಅವಳ ಪಾಲಿಗೆ ಸಮುದ್ರ ಎಂದರೆ ಒಲೆ ಆರಿಸುವ ಗಾಳಿ. ಅದಕ್ಕೆಂದೇ ನಾಲ್ಕು ತಗಡಿನ ಹಾಳೆ ಇಟ್ಟುಕೊಂಡಿದ್ದಳು. ಕಡಲ ಊರಿನಲ್ಲಿ ಅವನ್ನು ಒಲೆಯ ಸುತ್ತ ನಿಲ್ಲಿಸಿ, ತಾನು ಐದನೆಯ ಹಾಳೆಯಂತೆ ಗಾಳಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಅಪರೂಪಕ್ಕೊಮ್ಮೆ ದಡದಲ್ಲೇ ತಿಂಡಿ ಬಡಿಸುವ ಏರ್ಪಾಡಾದರೆ ಇನ್ನೂ ಕಷ್ಟ. ನಲವತ್ತು ಜನ ನೀರಿಗೆ ಓಡುವ ಮುಂಚೆ ನಲವತ್ತು ಜೊತೆ ಚಪ್ಪಲಿ, ಕೈಚೀಲ, ಮೊಬೈಲು, ವಾಚು, ಕೆಲವರು ಮೂಗುಬೊಟ್ಟನ್ನೂ ಬಿಚ್ಚಿ ಅವಳ ಮುಂದೆ ಗುಡ್ಡೆ ಹಾಕುತ್ತಿದ್ದರು. "ಅಡುಗೆಯಮ್ಮ ಇದಾರಲ್ಲ, ನೋಡ್ಕೋತಾರೆ." ಹೆಸರು ಕೇಳಿದವರಿಲ್ಲ. ಅವಳು ಗುಡ್ಡೆಯ ಮೇಲೆ ಕಣ್ಣಿಟ್ಟಿರಬೇಕು; ಕಣ್ಣೆತ್ತಿ ಕಡಲು ನೋಡಿದರೆ ಯಾರದೋ ಮೊಬೈಲು ಹೋದೀತು.

ಮನೆಯಲ್ಲಾದರೂ ಒಂಟಿಯಾಗಿ ಕೂರುವ ಭಾಗ್ಯ ಉಂಟೇ ಎಂದರೆ, ಮನೆ ಎನ್ನುವುದೇ ಒಂದು ಕೋಣೆ. ಗಂಡ ಮುನಿಶಾಮಪ್ಪ, ಮಗ ಸಿದ್ದು, ಸೊಸೆ ಮೋನಿಷಾ, ಮೂರು ವರ್ಷದ ಮೊಮ್ಮಗಳು, ಇವರ ಜೊತೆಗೆ ಬೆಳಗ್ಗೆ ಆರರಿಂದ ರಾತ್ರಿ ಹನ್ನೊಂದರವರೆಗೆ ಟಿವಿ. ಮುನಿಶಾಮಪ್ಪ ಯಲಹಂಕದ ಅಪಾರ್ಟ್‌ಮೆಂಟ್ ಒಂದರಲ್ಲಿ ವಾಚ್‌ಮನ್ ಆಗಿದ್ದು ಕಾಲುನೋವೆಂದು ಬಿಟ್ಟವನು. ಹನ್ನೆರಡು ವರ್ಷ ಗೇಟಿನಲ್ಲಿ ಯಾರೊಂದಿಗೂ ಮಾತಾಡದೆ ಉಳಿಸಿಟ್ಟ ಮಾತನ್ನೆಲ್ಲ ಈಗ ಹೆಂಡತಿಯ ಮುಂದೆ ಸುರಿಯುತ್ತಾನೆ. ಬಚ್ಚಲಿಗೆ ಹೋಗಿ ಚಿಲಕ ಹಾಕಿದರೆ ಎರಡು ನಿಮಿಷಕ್ಕೆ ಬಾಗಿಲು ಬಡಿಯುತ್ತಾರೆ. ಆ ಸಾಲುಮನೆಗಳ ಗೋಡೆ ಎಷ್ಟು ತೆಳುವೆಂದರೆ ಈ ಮನೆಯಲ್ಲಿ ಸೀನಿದರೆ ಆ ಮನೆಯಲ್ಲಿ ಚಿರಂಜೀವಿ ಎನ್ನುತ್ತಾರೆ. ಅಂಥಲ್ಲಿ ಜಗಳವನ್ನೂ ಪಿಸುಗುಟ್ಟಿಯೇ ಆಡಬೇಕು. ಸಿಟ್ಟು ಬಂದಾಗ ಅವಳು ಪಾತ್ರೆ ಕುಕ್ಕುತ್ತಿದ್ದಳು. ಪಾತ್ರೆ ಕುಕ್ಕುವುದಕ್ಕೂ ಒಂದು ಮಿತಿ ಇದೆ, ಸಪಾಟಾಗಿಬಿಡುತ್ತವೆ.

ಒಮ್ಮೆ ಊರ ಕೆರೆಯ ಏರಿಯ ಮೇಲೆ ಹೋಗಿ ಕೂತು ನೋಡಿದ್ದಳು. ಎಮ್ಮೆ ಮೈತೊಳೆದ ಕೆರೆ, ಅವಳೇ ಈಜು ಕಲಿತ ಕೆರೆ. ಈಗ ಸುತ್ತ ತಂತಿಬೇಲಿ, ಗೇಟು, ವಾಕಿಂಗ್ ದಾರಿ. ಬೆಳಗ್ಗೆ ಐದೂವರೆಗೆ ಒಳಗೆ ಹೋಗಿ ಕಲ್ಲಿನ ಮೇಲೆ ಕೂತು ಐದು ನಿಮಿಷವಾಗಿರಲಿಲ್ಲ, ಸೆಕ್ಯುರಿಟಿಯವನು ಬಂದ. "ಏನಮ್ಮಾ, ಯಾಕ್ ಕೂತಿದೀಯಾ? ಬಟ್ಟೆ ಒಗೆಯೋ ಹಾಗಿಲ್ಲ ಇಲ್ಲಿ."

"ಬಟ್ಟೆ ಎಲ್ಲೈತೆ ನನ್ ಕೈಲಿ? ಸುಮ್ನೆ ಕೂತಿವ್ನಿ."

"ಸುಮ್ನೆ ಯಾಕ್ ಕೂತ್ಕೋತೀಯಾ? ವಾಕಿಂಗ್ ಮಾಡು, ಇಲ್ಲಾಂದ್ರೆ ಹೋಗ್ತಾ ಇರು."

ಶೂ ಹಾಕಿಕೊಂಡು ಗಿರಗಿರ ಸುತ್ತುವವರಿಗೆ ಕೆರೆ, ಕೂತವಳಿಗೆ ವಿಚಾರಣೆ. ಅವತ್ತು ಅವಳು ಮನೆಗೆ ಬಂದು ಒಂದು ಅಲ್ಯೂಮಿನಿಯಂ ತಪ್ಪಲೆಯನ್ನು ಪೂರ್ತಿ ಸಪಾಟು ಮಾಡಿದಳು. ಅವತ್ತೇ ತೀರ್ಮಾನವನ್ನೂ ಮಾಡಿದಳು. ಯಾರ ಬೇಲಿಯೂ ಇಲ್ಲದ ನೀರೆಂದರೆ ಸಮುದ್ರ. ಅದರ ಮುಂದೆ ಒಂದು ಬೆಳಗ್ಗೆ, ಒಂದು ಗಂಟೆ, ತಾನೊಬ್ಬಳೇ ಕೂರಬೇಕು.

ಅವಳ ಧಣಿ ನರಸಯ್ಯ. ವಿದ್ಯಾರಣ್ಯಪುರದಲ್ಲಿ ಜೆರಾಕ್ಸ್ ಅಂಗಡಿಯ ಪಕ್ಕದಲ್ಲಿ ಅವನ ಯಾತ್ರಾ ಆಫೀಸು. ಬಾಯಿಬಿಟ್ಟರೆ ಅಕ್ಕಾ, ಅಕ್ಕಾ. ಬಾಯಿ ಬೆಲ್ಲ, ಕರುಳು ಕತ್ತರಿ ಎನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ಒಂದು ಗಂಟೆ ಬಿಡುತ್ತೇನೆಂದು ಅವನು ಹಿಂದೆ ಮೂರು ಸಲ ಮಾತು ಕೊಟ್ಟಿದ್ದ. ಕನ್ಯಾಕುಮಾರಿಯಲ್ಲಿ ಪೊಂಗಲ್ ಎರಡನೇ ಸುತ್ತು ಬೇಕೆಂದ. ರಾಮೇಶ್ವರದಲ್ಲಿ ಯಾರಿಗೋ ಏಕಾದಶಿ, ಬೇರೆ ಫಲಾಹಾರ ಮಾಡೆಂದ. ಮುರುಡೇಶ್ವರದಲ್ಲಿ ಕಾರಣವನ್ನೂ ಹೇಳಲಿಲ್ಲ, "ಇರ್ಲಿ ಬಿಡಕ್ಕಾ, ಸಮುದ್ರ ಎಲ್ಲಿಗೆ ಹೋಗುತ್ತೆ" ಎಂದು ನಕ್ಕ.

ಈ ಏಪ್ರಿಲಿನಲ್ಲಿ ಕರಾವಳಿಯ ಐದು ದಿನದ ಪ್ರವಾಸಕ್ಕೆ ಅವನು ಹೇಳಿಕಳಿಸಿದಾಗ ಅವಳು ಹೋಗಿ ಅವನ ಆಫೀಸಿನ ಬಾಗಿಲಲ್ಲೇ ನಿಂತಳು, ಒಳಗೆ ಹೋಗಲಿಲ್ಲ.

"ನರಸಯ್ಯ, ಮೂರ್ನೇ ರಾತ್ರಿ ಆ ಮೀನುಗಾರರ ಊರಾಗೆ ತಂಗ್ತೀವಲ್ಲ, ಮಾರ್ನೇ ದಿನ ಬೆಳಗ್ಗೆ ಐದೂಕಾಲಿಂದ ಆರೂವರೆ ತನಕ ನಾನು ನಿನ್ ಆಳಲ್ಲ. ಒಪ್ಕೊಂಡ್ರೆ ಬತ್ತೀನಿ. ಇಲ್ಲಾಂದ್ರೆ ಬ್ಯಾರೆಯೋರ್ನ ನೋಡ್ಕೋ."

"ಅಷ್ಟೇನಾ ಅಕ್ಕಾ? ತಗೋ, ಎರಡು ಗಂಟೆ ತಗೋ."

"ಎಲ್ಡು ಗಂಟೆ ಬ್ಯಾಡ. ನೀನು ಎಲ್ಡು ಅಂದ್ರೆ ಒಂದೂ ಸಿಗಲ್ಲ. ಒಂದೂಕಾಲು ಗಂಟೆ. ಅಷ್ಟ್ರಾಗೆ ಯಾವನಾದ್ರೂ ನನ್ನ ಕರುದ್ರೆ, ಮಧ್ಯಾಹ್ನದ ಅಡಿಗೆ ಅವನೇ ಮಾಡ್ಬೇಕು."

ಅವಳ ಮುಖ ನೋಡಿ ನರಸಯ್ಯ ನಗು ನುಂಗಿಕೊಂಡ.

ನಲವತ್ತನಾಲ್ಕು ಜನರ ಬಸ್ಸು ಹೊರಟಿತು. ಅದರಲ್ಲಿ ಮುನಿನಾರಾಯಣಮ್ಮನ ಹೊಟ್ಟೆ ಉರಿಸಲೆಂದೇ ಬಂದಂತಿದ್ದವರು ನಾಗಲಕ್ಷ್ಮಿ ಮೇಡಂ. ರಿಟೈರಾದ ಹೈಸ್ಕೂಲು ಟೀಚರು, ಸಹಕಾರನಗರದ ಕಡೆಯವರು, ಗಂಡನ ಜೊತೆ ಬಂದಿದ್ದರು. ಗಂಡ ತಂಗಿದ ಛತ್ರದ ಮಾಳಿಗೆಯಿಂದ ಒಂದು ದಿನವೂ ಮೆಟ್ಟಿಲಿಳಿದು ಬಂದವರಲ್ಲ. ಮೇಡಂ ಮಾತ್ರ ದಿನಾ ಐದಕ್ಕೆ ಐದು ನಿಮಿಷ ಇರುವಾಗಲೇ ಎರಡು ಸ್ಟೀಲ್ ಲೋಟ ಹಿಡಿದು ಒಲೆಯ ಮುಂದೆ ಹಾಜರು. "ಅಮ್ಮಾ, ಡಿಕಾಕ್ಷನ್ ಇನ್ನೊಂದು ಸ್ವಲ್ಪ. ಸಕ್ಕರೆ ಅರ್ಧ ಚಮಚ, ಜಾಸ್ತಿ ಆಯ್ತು. ಇದು ಬಿಸಿ ಇಲ್ಲ, ಇನ್ನೊಂದ್ಸಲ ಕಾಯ್ಸು." ಮೊದಲ ದಿನ ಎರಡು ಸಲ ವಾಪಸು ತಂದರು. ಎರಡನೆಯ ದಿನ ಮೂರು ಸಲ. ಎರಡು ಲೋಟ ಯಾಕೆ ಬೇಕು ಈ ಹೆಂಗಸಿಗೆ, ಒಂದು ಕುಡಿಯುವುದಕ್ಕೆ, ಒಂದು ಹೆಸರಿಡುವುದಕ್ಕೆ ಎಂದು ಮುನಿನಾರಾಯಣಮ್ಮ ಹಲ್ಲು ಕಡಿದಳು.

ಮೂರನೆಯ ದಿನ ಸಂಜೆ ಮೀನುಗಾರರ ಊರಿನ ಛತ್ರಕ್ಕೆ ಬಂದಿಳಿದ ಕೂಡಲೇ ಅವಳು ನಾಳೆಯ ಅಡುಗೆಯ ಅರ್ಧ ಮುಗಿಸಿದಳು. ತಿಂಡಿಗೆ ಒಲೆಯೇ ಬೇಡದ ಹಾಗೆ ಗೊಜ್ಜವಲಕ್ಕಿ. ಹುಣಸೆ ಗೊಜ್ಜು ಕುದಿಸಿ ಆರಿಸಿ ಡಬ್ಬಿಗೆ ಹಾಕಿದಳು. ಬೆಳಗಿನ ಜಾವ ಎದ್ದು ಡಿಕಾಕ್ಷನ್ ಇಳಿಸಿ, ಹಾಲು ಕಾಯಿಸಿ ಮುಚ್ಚಿಟ್ಟಳು. ಸಹಾಯಕ್ಕೆ ಬಂದಿದ್ದ ಮಾರಕ್ಕ ಅವಳ ಬೀದಿಯವಳೇ, ಕೈ ಚುರುಕು, ತಲೆ ನಿಧಾನ. ಅವಳನ್ನು ಎದುರಿಗೆ ಕೂರಿಸಿಕೊಂಡು ಮೂರು ಸಲ ಹೇಳಿದಳು.

"ಇವತ್ತು ಕಾಫಿ ಐದೂವರೆಗೆ. ಹಾಲು ಬಿಸಿ ಮಾಡು, ಡಿಕಾಕ್ಷನ್ ಬೆರೆಸು, ಕೊಡು. ಅಷ್ಟೇ. ನಾನು ಎಲ್ಲೋದೆ ಅಂತ ಯಾರ್ ಕೇಳುದ್ರೂ ಗೊತ್ತಿಲ್ಲ ಅನ್ನು."

"ಸತ್ತೋದ್ರೂ ಏಳಲ್ಲ ಕಣಕ್ಕಾ" ಎಂದಳು ಮಾರಕ್ಕ.

ಹೊರಗೆ ಬಸ್ಸಿನ ಪಕ್ಕ ಡ್ರೈವರ್ ನಜೀರ್ ಬೆಳಗಿನ ನಮಾಜು ಮುಗಿಸಿ ಚಾಪೆ ಮಡಚುತ್ತಿದ್ದ. ಆರ್.ಟಿ. ನಗರದವನು, ಹತ್ತು ವರ್ಷದಿಂದ ಇದೇ ಬಸ್ಸು. ಇಡೀ ಪ್ರವಾಸದಲ್ಲಿ ಅವಳ ಹೆಸರು ಗೊತ್ತಿದ್ದವರು ನರಸಯ್ಯನನ್ನೂ ಮಾರಕ್ಕನನ್ನೂ ಬಿಟ್ಟರೆ ಅವನೊಬ್ಬನೇ.

"ನಾರಾಯಣಕ್ಕಾ, ಬಲಗಡೆ ಹೋಗು. ಎಡಗಡೆ ಬೋಟ್ ಬರ್ತವೆ, ಮೀನಿನವರು ಗಲಾಟೆ. ಬಲಗಡೆ ಬಂಡೆ ತನಕ ಯಾರೂ ಇರಲ್ಲ. ಹಳೇ ದೋಣಿ ಎರಡು ಬಿದ್ದಿದಾವೆ, ಅಷ್ಟೇ."

"ಇವ್ರು ಯಾವಾಗ ಬತ್ತಾರೆ ದಡಕ್ಕೆ?"

"ಆರೂವರೆ ಆಗುತ್ತೆ. ಸೂರ್ಯೋದಯ ತೋರಿಸ್ತೀನಿ ಅಂತ ಧಣಿ ಹೇಳವ್ರೆ." ನಜೀರ್ ನಕ್ಕ. ನರಸಯ್ಯನ ಕರಪತ್ರದಲ್ಲಿ ವರ್ಷಾನುಗಟ್ಟಲೆಯಿಂದ 'ಅರಬ್ಬೀ ಸಮುದ್ರದಲ್ಲಿ ಸೂರ್ಯೋದಯ ದರ್ಶನ' ಎಂದು ಅಚ್ಚಾಗುತ್ತಿದೆ. ಪ್ರತಿ ಸಲವೂ ನಲವತ್ತು ಜನ ಮೊಬೈಲು ಹಿಡಿದು ನೀರಿನ ಕಡೆ ಮುಖ ಮಾಡಿ ಕಾಯುತ್ತಾರೆ. ಸೂರ್ಯ ಬೆನ್ನ ಹಿಂದೆ ತೆಂಗಿನ ಮರಗಳ ಮೇಲೆ ಬಂದು ಇವರ ಕತ್ತು ಸುಡುತ್ತಾನೆ. ಆಮೇಲೆ ಒಬ್ಬೊಬ್ಬರೇ ತಿರುಗುತ್ತಾರೆ. ಒಬ್ಬರೂ ನರಸಯ್ಯನನ್ನು ಕೇಳುವುದಿಲ್ಲ, ತಿಂಡಿ ಏನು ಎಂದು ಅವಳನ್ನು ಕೇಳುತ್ತಾರೆ.

ಅವಳು ಬಲಗಡೆ ನಡೆದಳು. ಮೊಬೈಲನ್ನು ಆಫ್ ಮಾಡಿ ರವಿಕೆಯೊಳಗೆ ಸೇರಿಸಿದಳು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಳು. ಕಡಲಿನ ಮೇಲೆ ಇಳಿಚಂದ್ರ ಇನ್ನೂ ಇದ್ದ, ದಾರಿ ಕಾಣುವಷ್ಟು ಬೆಳಕಿತ್ತು. ಒದ್ದೆ ಮರಳು ತಣ್ಣಗಿತ್ತು. ಎರಡು ಹಳೆಯ ದೋಣಿಗಳನ್ನು ದಾಟಿ ಇನ್ನೂ ಮುಂದೆ ಹೋದಳು. ಹಿಂದೆ ತಿರುಗಿ ನೋಡಿದಳು. ಯಾರೂ ಇಲ್ಲ. ಮುಂದೆಯೂ ಇಲ್ಲ. ನಾಯಿ ಕೂಡ ಇಲ್ಲ. ಸಣ್ಣ ಏಡಿಗಳು ಅವಳನ್ನು ಕಂಡು ಬಿಲಕ್ಕೆ ಓಡಿದವು, ಅವೂ ಹೋದವು.

ಕೂತಳು. ಕೂತು ಸ್ವಲ್ಪ ಹೊತ್ತಾದ ಮೇಲೆ ಗೊತ್ತಾಯಿತು, ತಾನು ಕೂತಿರುವುದು ಸಮುದ್ರಕ್ಕೆ ಬೆನ್ನು ಹಾಕಿ. ಮೊಣಕಾಲು ಅಗಲಿಸಿ, ಸೆರಗು ಹರಡಿ, ಇಲ್ಲದ ಒಲೆಗೆ ಗಾಳಿ ಬಡಿಯದ ಹಾಗೆ ಅಡ್ಡ ಕೂತಿದ್ದಳು. ಹತ್ತೊಂಬತ್ತು ವರ್ಷದ ಮೈ, ಯಜಮಾನಿಯನ್ನೂ ಕೇಳದೆ ತನ್ನ ಕೆಲಸ ತಾನು ಮಾಡಿತ್ತು. ಅವಳಿಗೆ ತನ್ನ ಮೈಯ ಮೇಲೇ ಸಿಟ್ಟು ಬಂತು. ಎದ್ದು, ತಿರುಗಿ, ಗಾಳಿಗೆ ಮುಖ ಕೊಟ್ಟು ಕೂತಳು.

ಗಾಳಿ ಮುಖಕ್ಕೆ ಬಡಿಯಿತು. ಅಲೆ ಬಂತು, ಹೋಯಿತು. ಇನ್ನೊಂದು ಬಂತು. ಈಗ ನೆಮ್ಮದಿಯಾಗುತ್ತದೆ ಎಂದು ಕಾದಳು. ಟಿವಿಯಲ್ಲಿ ಬರುವ ಸ್ವಾಮಿಗಳು ಹೇಳುತ್ತಾರಲ್ಲ, ಏಕಾಂತದಲ್ಲಿ ಮನಸ್ಸು ತಿಳಿಯಾಗುತ್ತದೆ ಎಂದು. ಆ ಸ್ವಾಮಿಗಳು ಯಾರಿಗೂ ತಿಂಡಿ ಮಾಡಿದವರಲ್ಲ. ಅವಳ ಎದೆಯಲ್ಲಿ ತಿಳಿಯಾಗುವುದಿರಲಿ, ತಳ ಹಿಡಿದದ್ದೆಲ್ಲ ಮೇಲೆ ಬರತೊಡಗಿತು. ಸೆಕ್ಯುರಿಟಿಯವನು ಬಂದ. ಬಚ್ಚಲ ಬಾಗಿಲು ಬಡಿದವರು ಬಂದರು. ಆರಿದ ಇಡ್ಲಿ, ಚಪ್ಪಲಿ ಗುಡ್ಡೆ, ಕನ್ಯಾಕುಮಾರಿಯ ಪೊಂಗಲ್ ಎಲ್ಲ ಬಂದವು. ಅಭ್ಯಾಸಬಲದಿಂದ ಕೈ ಕುಕ್ಕುವುದಕ್ಕೊಂದು ಪಾತ್ರೆ ಹುಡುಕಿತು. ಪಾತ್ರೆ ಇರಲಿಲ್ಲ. ಗೋಡೆಯೂ ಇರಲಿಲ್ಲ.

ಗೋಡೆಯೇ ಇಲ್ಲ! ಆಗ ಅವಳು ಬಾಯಿ ತೆಗೆದಳು.

"ನರಸಯ್ಯಾ!" ಎಂದು ಕೂಗಿದಳು. ತನ್ನ ದನಿ ಅಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ. "ನಿನ್ ಬಾಯಿಗೆ ಮಣ್ಣಾಕ! ಅಕ್ಕಾ ಅಂತೀಯಾ? ನಿನ್ ಒಡಹುಟ್ಟಿದೋಳ್ನ ಇಂಗೆ ಮೂರು ಗಂಟೆಗೆ ಎಬ್ಬಿಸ್ತಿದ್ದೇನೋ? ಸಮುದ್ರ ಎಲ್ಲೋಯ್ತದೆ ಅಂದಲ್ಲ, ನಾನೋಯ್ತೀನಿ ಕಣೋ, ನಾನು ಸವೆದೋಗ್ತಾ ಇವ್ನಿ!"

ಅಲೆ ಬಂದು ಅದನ್ನು ತೆಗೆದುಕೊಂಡು ಹೋಯಿತು. ಯಾರೂ ಪಕ್ಕದ ಮನೆಯಿಂದ ಇಣುಕಲಿಲ್ಲ. ಅವಳು ಎದ್ದು ನಿಂತಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಸಿಂಗಾಪುರದ ಹೆಂಗಸರ ಬೈಗುಳದಲ್ಲಿ ಒಂದು ಕ್ರಮವಿದೆ. ಮೊದಲು ಬಾಯಿ, ಆಮೇಲೆ ಕೈಕಾಲು, ಆಮೇಲೆ ಮನೆ, ಕೊನೆಗೆ ವಂಶ. ಅಜ್ಜಿ ನಲ್ಲಿಕಟ್ಟೆಯ ಮುಂದೆ ನಿಂತು ಬೈಯುತ್ತಿದ್ದುದನ್ನು ಕೇಳಿ ಕಲಿತ ವಿದ್ಯೆ. ಇಷ್ಟು ವರ್ಷ ಬಾಯೊಳಗೇ ಕೊಳೆಯುತ್ತಿದ್ದ ಆ ವಿದ್ಯೆಯನ್ನು ಅವಳು ಅಂದು ಒಂದು ಕೊಸರೂ ಉಳಿಸದೆ ಹೊರಗೆ ಹಾಕಿದಳು. ಸೆಕ್ಯುರಿಟಿಯವನ ಕಾಲು ಮುರಿಯಿತು. ಮುನಿಶಾಮಪ್ಪನ ಟಿವಿ ಎಕ್ಕುಟ್ಟುಹೋಯಿತು. "ಹನ್ನೆಲ್ಡು ವರ್ಸ ಗೇಟ್ ಕಾದೆ, ಒಂದಿನ ನನ್ನ ಕಾದಿದ್ದೀಯೇನೋ ಮುನಿಶಾಮಪ್ಪಾ?" ಎಂದು ಗಂಡನ ಹೆಸರನ್ನು ಜೀವನದಲ್ಲಿ ಮೊದಲ ಸಲ ಬಾಯಿ ತುಂಬ ಕೂಗಿದಳು. ಸಿದ್ದು, ಮೋನಿಷಾ ಇಬ್ಬರಿಗೂ ಒಂದೊಂದು ಬಿತ್ತು. ಮೊಮ್ಮಗಳನ್ನು ಮಾತ್ರ ಬಿಟ್ಟಳು, ಅದಕ್ಕಿನ್ನೂ ಮೂರು ವರ್ಷ.

"ಇನ್ನು ನೀನು, ಎಲ್ಡು ಲೋಟದ ನಾಗಲಕ್ಷ್ಮಿ! ಬಿಸಿ ಇಲ್ವಾ? ನಿನ್ ನಾಲಗೆ ಬೆಂದೋಗ! ಅರ್ಧ ಚಮಚ ಸಕ್ಕರೆ ಅಳೆಯೋ ನಿನ್ ಕೈ ಸೇದೋಗ! ಇಸ್ಕೂಲಾಗೆ ಮಕ್ಕಳ್ನ ಓಡಾಡ್ಸಿದ್ದು ಸಾಲ್ದು ಅಂತ ನನ್ನ ಓಡಾಡ್ಸೋಕೆ ಬಂದ್ಯೇನೇ?"

ಉಸಿರು ಎಳೆದುಕೊಳ್ಳಲು ನಿಂತಾಗ ಹಿಂದೆ ಯಾರೋ ಕೆಮ್ಮಿದರು.

ನಾಗಲಕ್ಷ್ಮಿ ಮೇಡಂ ನಿಂತಿದ್ದರು. ಕೈಯಲ್ಲಿ ಎರಡು ಲೋಟ.

ಮುನಿನಾರಾಯಣಮ್ಮನಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಬಂದದ್ದು ಇನ್ನೂ ದೊಡ್ಡ ಸಿಟ್ಟು. ಹತ್ತೊಂಬತ್ತು ವರ್ಷಕ್ಕೆ ಸಿಕ್ಕಿದ್ದು ಅರ್ಧ ಗಂಟೆ, ಅದಕ್ಕೂ ಲೋಟ ಹಿಡಿದು ಬಂದು ನಿಂತಿದ್ದಾಳೆ ಈ ಹೆಂಗಸು.

"ಸಕ್ಕರೆ" ಎಂದರು ಮೇಡಂ. ದನಿ ಸಣ್ಣದಾಗಿತ್ತು. "ಟ್ರಂಕಿಗೆ ಬೀಗ ಹಾಕಿದೆ. ಬೀಗದ ಕೈ ನಿಮ್ಮ ಹತ್ರ ಇದೆಯಂತೆ. ಅಲ್ಲಿ ಎಲ್ರೂ ಕೂಗಾಡ್ತಿದಾರೆ. ಮಾರಕ್ಕ ಈ ಕಡೆ ತೋರ್ಸಿದ್ಳು."

ಮುನಿನಾರಾಯಣಮ್ಮನ ಕೈ ಸೊಂಟಕ್ಕೆ ಹೋಯಿತು. ಬೀಗದ ಕೈ ದಾರದಲ್ಲಿ ಅಲ್ಲೇ ಇತ್ತು. ಪ್ರವಾಸದ ಅಡುಗೆಯವರಲ್ಲಿ ಅದೊಂದು ಪದ್ಧತಿ. ಗೋಡಂಬಿ, ಏಲಕ್ಕಿ, ಸಕ್ಕರೆ ಛತ್ರದವರ ಕೈಗೆ ಸಿಗದಿರಲೆಂದು ಟ್ರಂಕು ಮುಚ್ಚಿದ ತಕ್ಷಣ ಬೀಗ, ಬೀಗ ಹಾಕಿದ ತಕ್ಷಣ ಬೀಗದ ಕೈ ಸೊಂಟಕ್ಕೆ. ಗೊಜ್ಜಿಗೆ ಬೆಲ್ಲ ತೆಗೆದು ಟ್ರಂಕು ಮುಚ್ಚಿದವಳ ಕೈ, ತಲೆಯನ್ನು ಕೇಳದೆ ಅಷ್ಟೂ ಮಾಡಿತ್ತು. ಮಾರಕ್ಕನಿಗೆ ಮೂರು ಸಲ ಹೇಳಿದ್ದಳು, ಹಾಲು, ಡಿಕಾಕ್ಷನ್, ಎಲ್ಲ ಹೇಳಿದ್ದಳು. ಸಕ್ಕರೆಯ ಮಾತೇ ಎತ್ತಿರಲಿಲ್ಲ. ಊರಿಗೆಲ್ಲ ಬೈದವಳಿಗೆ ಕೊನೆಗೆ ತನಗೇ ಬೈದುಕೊಳ್ಳುವಂತಾಯಿತು.

ದಾರ ಬಿಚ್ಚಿ ಬೀಗದ ಕೈಯನ್ನು ಮೇಡಮ್ಮಿನ ಕಾಲ ಬಳಿ ಮರಳಿಗೆ ಎಸೆದಳು. "ತಗೊಂಡೋಗಿ."

ಮೇಡಂ ಬಗ್ಗಿ ಎತ್ತಿಕೊಂಡರು. ಹೋಗಲಿಲ್ಲ.

"ಏನು? ನಾನು ಬೈದಿದ್ದು ಕೇಳುಸ್ತಾ? ಕೇಳುಸ್ಲಿ. ಧಣಿಗೆ ಏಳ್ತೀರಾ? ಏಳಿ. ಕ್ಷಮ್ಸಿ ಅಂತ ಮಾತ್ರ ನನ್ ಬಾಯಾಗೆ ಬರಲ್ಲ."

"ಯಾರಿಗೂ ಹೇಳಲ್ಲ" ಎಂದರು ಮೇಡಂ. ಕಡಲ ಕಡೆ ನೋಡುತ್ತಿದ್ದರು. "ಇಲ್ಲಿ ಕೂಗಿದ್ರೆ ಛತ್ರದ ತನಕ ಕೇಳ್ಸಲ್ಲ ಅಲ್ವಾ? ನಂಗೂ ಆ ದೋಣಿ ಹತ್ರ ಬರೋವರ್ಗೂ ಏನೂ ಕೇಳಿಸ್ಲಿಲ್ಲ."

"ಕೇಳ್ಸಲ್ಲ."

"ನಾನೂ ಸ್ವಲ್ಪ ಹೊತ್ತು ಕೂತ್ಕೊಳ್ಳಲಾ ನಿಮ್ ಜೊತೆ?"

ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಕರಗುತ್ತಿದ್ದರು. ಹೆಂಗಸಿಗೆ ಹೆಂಗಸಿನ ಕಷ್ಟ ಅರ್ಥವಾಗುತ್ತದೆ, ಬನ್ನಿ ಅಮ್ಮಾ ಕೂತ್ಕೊಳ್ಳಿ ಎನ್ನುತ್ತಿದ್ದರು. ಮುನಿನಾರಾಯಣಮ್ಮನಿಗೂ ಆ ಮಾತು ನಾಲಗೆಯ ತುದಿಗೆ ಬಂತು. ಇಂಥ ಮಾತುಗಳು ಅವಳ ನಾಲಗೆಗೆ ಯಾವಾಗಲೂ ಬರುತ್ತಿದ್ದವು: ಇರಲಿ ಬಿಡಿ, ನೋಡ್ಕೋತೀನಿ, ನಾನು ಮಾಡ್ತೀನಿ. ಬರುತ್ತಿದ್ದುದರಿಂದಲೇ ಈ ಸ್ಥಿತಿ.

"ಬ್ಯಾಡ" ಎಂದಳು. "ಇನ್ನೂ ಆರೂವರೆ ಆಗಿಲ್ಲ. ಇದು ನಂದು. ಅಷ್ಟು ದೊಡ್ಡ ದಡ ಐತೆ, ನಿಮ್ಗೆ ಬೇಕಾದ್ರೆ ಅಲ್ಲೆಲ್ಲಾದ್ರೂ ಕೂತ್ಕೊಳ್ಳಿ. ನನ್ ಪಕ್ಕ ಬ್ಯಾಡ."

ಮೇಡಂ ಮುಖದಲ್ಲಿ ಏನೋ ಬಂದು ಹೋಯಿತು. ಇಡೀ ಜೀವನ ಮಕ್ಕಳಿಗೆ ಹೊರಗೆ ನಿಲ್ಲು ಎಂದು ಹೇಳಿದವರು, ಮೊದಲ ಸಲ ತಾವೇ ಹೇಳಿಸಿಕೊಂಡರು. ತಿರುಗಿ, ಬಂದ ದಾರಿಯಲ್ಲೇ ಹೊರಟರು.

ಮುನಿನಾರಾಯಣಮ್ಮ ಮತ್ತೆ ಕೂತಳು. ಬೈಯಲು ಬಾಯಿ ತೆಗೆದಳು, ಬೈಗುಳ ಬರಲಿಲ್ಲ. ಎಲ್ಲಿ ನಿಲ್ಲಿಸಿದ್ದೆ ಎಂಬುದೇ ಮರೆತುಹೋಗಿತ್ತು. ಹಾಳಾದವಳು, ಅದನ್ನೂ ಕೆಡಿಸಿಬಿಟ್ಟಳು. ಹಿಂದೆ ಬೆಳಕು ಹರಿಯುತ್ತಿತ್ತು, ನೀರಿನ ಮೇಲಿನ ಕಪ್ಪು ಕರಗುತ್ತಿತ್ತು. ಆಗ ದೋಣಿಗಳ ಕಡೆಯಿಂದ ಒಂದು ಕೂಗು ಕೇಳಿಸಿತು.

"ರೀ...!"

ಮೊದಲ ಕೂಗು ಪಾಠ ಹೇಳುವ ದನಿಯಲ್ಲಿತ್ತು. ಎರಡನೆಯದು ಸೀಳಿಹೋಯಿತು.

"ರೀ! ನಿಮ್ಮ ಕಾಫಿಗೆ ಬೆಂಕಿ ಬೀಳ! ನಾನೇನು ನಿಮ್ಮ ಅಟೆಂಡರ್ರಾ? ಮೂವತ್ತೆಂಟು ವರ್ಷ! ಬಿಸಿ ಇಲ್ಲ, ಬಿಸಿ ಇಲ್ಲ, ಬಿಸಿ ಇಲ್ಲ! ಮೆಟ್ಟಿಲು ಇಳಿದು ಬಂದು ನೀವೇ ಕುಡಿಯೋಕೆ ಏನು ಕಾಲಿಲ್ವಾ ನಿಮ್ಗೆ?"

ಲೋಟವೊಂದು ದೋಣಿಯ ಹಲಗೆಗೆ ಬಡಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು.

ಮುನಿನಾರಾಯಣಮ್ಮ ತಿರುಗಿ ನೋಡಲಿಲ್ಲ. ಎರಡನೆಯ ಲೋಟ ಯಾರದೆಂದು ಈಗ ತಿಳಿಯಿತು. ಸಕ್ಕರೆ ಅಳೆಯುತ್ತಿದ್ದ ಬಾಯಿ ಯಾವುದೆಂದೂ ತಿಳಿಯಿತು. ಛತ್ರದಲ್ಲಿ ನಲವತ್ತೆರಡು ಜನ ಸಕ್ಕರೆ ಇಲ್ಲದ ಕಾಫಿ ಹಿಡಿದು ಕೂಗಾಡುತ್ತಿರಬೇಕು, ಒಬ್ಬರು ಮಾಳಿಗೆಯ ಮೇಲೆ ಲೋಟದ ದಾರಿ ಕಾಯುತ್ತಿರಬೇಕು, ಬೀಗದ ಕೈ ಮಾತ್ರ ಆ ದೋಣಿಯ ಹಿಂದೆ ಒಬ್ಬ ಟೀಚರಿನ ಮುಷ್ಟಿಯಲ್ಲಿದೆ. ಅವಳಿಗೆ ನಗು ಬಂತು. ಅಯ್ಯೋ ಪಾಪ ಅನ್ನಿಸಿತು. ಎದ್ದು ಹೋಗಿ ಆ ಹೆಂಗಸಿನ ಬೆನ್ನು ಸವರಿ, ಇಂಗಲ್ಲಮ್ಮಾ ಬೈಯೋದು, ಮೊದಲು ಬಾಯಿಂದ ಶುರು ಮಾಡ್ಬೇಕು ಎಂದು ಹೇಳಿಕೊಡೋಣ ಎನ್ನಿಸಿತು.

ಎನ್ನಿಸಿದ ಕೂಡಲೇ ಎಚ್ಚರವಾಯಿತು. ನೋಡಿದೆಯಾ, ಮತ್ತೆ ಏಳಹೊರಟೆ! ಒಬ್ಬರಿಗೆ ನೋವಾಯಿತು ಎಂದರೆ ಸಾಕು, ಸೌಟು ಹಿಡಿದು ಓಡುತ್ತೀಯ. ಅವರ ಸಿಟ್ಟು ಅವರು ಬೈದುಕೊಳ್ಳಲಿ, ಅವರಿಗೆ ಬಾಯಿದೆ, ಓದಿದ್ದಾರೆ, ಪೆನ್ಷನ್ ಬರುತ್ತದೆ. ನಿನಗೆ ಇರುವುದು ಇದೊಂದು ಬೆಳಗ್ಗೆ.

ಆದರೆ ಕೂಗು ನಿಲ್ಲಲಿಲ್ಲ. ಮೂವತ್ತೆಂಟು ವರ್ಷವೆಂದರೆ ಸಣ್ಣ ಬಾಬತ್ತಲ್ಲ. ಮುನಿನಾರಾಯಣಮ್ಮ ಚಪ್ಪಲಿ ಎತ್ತಿಕೊಂಡು ಇನ್ನೂ ಬಲಕ್ಕೆ ನಡೆದಳು. ಅಲ್ಲಿಗೂ ಕೇಳಿಸಿತು. ಮತ್ತೆ ನಡೆದಳು. ಬಂಡೆ ಅಡ್ಡ ಬಂತು, ದಡ ಅಲ್ಲಿಗೆ ಮುಗಿದಿತ್ತು. ಈಗ ದೂರದಲ್ಲಿ, ಛತ್ರದ ಕಡೆ, ನರಸಯ್ಯನ ಸೂರ್ಯೋದಯದ ಗುಂಪೂ ಹೊರಟ ಗದ್ದಲ. ಎಡಕ್ಕೆ ಮೇಡಂ, ಅದರಾಚೆ ಅವರು, ಬಲಕ್ಕೆ ಬಂಡೆ. ಉಳಿದದ್ದು ಒಂದೇ ದಿಕ್ಕು.

ಅವಳು ಸೀರೆ ಮೇಲೆತ್ತಿ ನೀರಿಗೆ ಇಳಿದಳು. ಪಾದ ಮುಳುಗಿತು, ಮೊಣಕಾಲು ಮುಳುಗಿತು. ಅಲೆಯೊಂದು ಬಂದು ಸೊಂಟದವರೆಗೆ ತೋಯಿಸಿತು. ಅಲ್ಲಿ ನಿಂತರೆ ನೀರಿನ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಮೇಡಂ ಇಲ್ಲ, ನರಸಯ್ಯ ಇಲ್ಲ, ಮುನಿಶಾಮಪ್ಪ ಇಲ್ಲ. ಕಣ್ಣಿಗೆ ಬಿದ್ದಷ್ಟು ದೂರವೂ ತೊಳೆಯಬೇಕಾದ್ದು, ಕಾಯಬೇಕಾದ್ದು, ಬಡಿಸಬೇಕಾದ್ದು ಒಂದೂ ಇರಲಿಲ್ಲ. ಗಡಿಯಾರ ಬೇಡದ ಅಡುಗೆಯವಳ ಲೆಕ್ಕದಲ್ಲಿ, ಆರೂವರೆಗೆ ಇನ್ನು ಒಂದು ತಪ್ಪಲೆ ಎಸರು ಕುದಿ ಬರುವಷ್ಟು ಹೊತ್ತು ಉಳಿದಿತ್ತು. ಅಷ್ಟೇ. ಇಷ್ಟು ವರ್ಷಕ್ಕೆ ಅಷ್ಟೇ. ಅಷ್ಟೇ ಎಂಬ ಸಿಟ್ಟಿನಲ್ಲಿ ಹಲ್ಲು ಕಚ್ಚಿಕೊಂಡು, ಅದರಲ್ಲಿ ಒಂದು ಕ್ಷಣವನ್ನೂ ಯಾರಿಗೂ ಬಿಟ್ಟುಕೊಡದೆ, ಅವಳು ಅಲ್ಲೇ ನಿಂತಳು.